ಅನೌನ್ಸರ ದನಿ ಅಡಗಿದ ಪ್ರಕರಣ

"ನಾನೇ ಕೊಂದ್ಬಿಟ್ಟೆ ಮೇಡಂ. ಇವರ ದನೀನ ನನ್ನ ಕೈಯಾರೆ ಕೊಂದ್ಬಿಟ್ಟೆ."

ಬೆಳಗ್ಗೆ ಹತ್ತು ಗಂಟೆಗೆ, ಇನ್ನೂ ಅಂಗಡಿ ಗುಡಿಸಿ ಮುಗಿದಿಲ್ಲ, ಬಾಗಿಲಲ್ಲಿ ನಿಂತು ಒಬ್ಬರು ಹೀಗಂದರೆ ಸೂಜಿಗೆ ದಾರ ಪೋಣಿಸುತ್ತಿದ್ದ ಮನುಷ್ಯ ಏನು ಮಾಡಬೇಕು ಹೇಳಿ. ದರ್ಜಿ ಬೆರಳಿಗೆ ಚುಚ್ಚಿಕೊಂಡು ಎದ್ದು ನಿಂತ. ಬಾಗಿಲಲ್ಲಿದ್ದವರು ಮೂರನೇ ಮಹಡಿಯ ಅನೌನ್ಸರ ಹೆಂಡತಿ. ಆ ತಾಯಿಯ ಎರಡೂ ಕಣ್ಣು ಹೋಗಿ ಆರು ವರ್ಷವಾಗಿತ್ತು. ಅವರ ತೋಳು ಹಿಡಿದು ಮಗಳು ನಿಂತಿದ್ದಳು. ಅವಳು ಎದೆಗೆ ಅವುಚಿಕೊಂಡಿದ್ದ ದಿಂಬಿನ ಚೀಲದೊಳಗೆ ಒಂದು ಲ್ಯಾಪ್‌ಟಾಪು. ಇಬ್ಬರೂ ನಾಲ್ಕು ದಿನದಿಂದ ಸರಿಯಾಗಿ ಉಂಡಿಲ್ಲ ಅನ್ನುವುದು ಮುಖ ನೋಡಿದರೇ ತಿಳಿಯುತ್ತಿತ್ತು.

ಮೇಡಂ ಅಂದದ್ದು ಅದೇ ಕೋಣೆಯ ಇನ್ನೊಂದು ಅರ್ಧದಲ್ಲಿ ಕೂತಿದ್ದ ಫಾಲ್ಟಮ್ಮನಿಗೆ. ಇಪ್ಪತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ ಕೆಟ್ಟ ಲೈನು ಹುಡುಕಿ ಸರಿಮಾಡುವ ಫಾಲ್ಟ್ ವಿಭಾಗದಲ್ಲಿ ದುಡಿದವರು ಅವರು. ಟೆಲಿಫೋನುಗಳೇ ಮನೆ ಖಾಲಿ ಮಾಡಿಕೊಂಡು ಹೋದ ಮೇಲೆ ಲ್ಯಾಪ್‌ಟಾಪ್ ರಿಪೇರಿ ಕಲಿತು, ತಾವು ವಾಸವಿದ್ದ ಈ ಕಟ್ಟಡದ ಕೆಳಗಿನ ಕೋಣೆಯಲ್ಲಿ ದರ್ಜಿಯ ಹೊಲಿಗೆ ಯಂತ್ರದ ಪಕ್ಕಕ್ಕೇ ಮೇಜು ಹಾಕಿದ್ದರು. ಕಟ್ಟಡದಲ್ಲಿ ಏನು ಕಾಣೆಯಾದರೂ, ಬೀಗದ ಕೈಯಾಗಲಿ, ತೊಟ್ಟಿಯ ನೀರಾಗಲಿ, ಜನ ಬರುತ್ತಿದ್ದದ್ದು ಅವರ ಹತ್ತಿರಕ್ಕೇ. ಫಾಲ್ಟಮ್ಮ ಅನ್ನುವುದು ಬೆನ್ನ ಹಿಂದಿನ ಹೆಸರು. ಅದು ಅವರಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

"ಕೂತ್ಕೊಳ್ಳಿ ಅಕ್ಕಾ," ಅಂದರು ಫಾಲ್ಟಮ್ಮ. "ಕೊಲೆ ವಿಷಯ ಆಮೇಲೆ. ಏನಾಯ್ತು, ಮೊದಲಿಂದ ಹೇಳಿ."

ಹೇಳಿದ್ದು ಮಗಳು. ಕಟ್ಟಡದವರಿಗೆಲ್ಲ ಗೊತ್ತಿದ್ದ ಸಂಗತಿಯೇ. ಅವಳಪ್ಪ ರೈಲು ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಅನೌನ್ಸರ್ ಆಗಿದ್ದವರು. ಯಾವ ಗಾಡಿ, ಯಾವ ಪ್ಲಾಟ್‌ಫಾರ್ಮು, ಎಷ್ಟು ತಡ, ಎಲ್ಲವನ್ನೂ ಊರಿಗೆಲ್ಲ ಸಾರಿದ ಗಂಟಲಲ್ಲೇ ಗೆಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅದಕ್ಕೆ ಮುಂಚೆ ಮಗಳು ಹನ್ನೊಂದು ದಿನ ಅಪ್ಪನನ್ನು ಕೂರಿಸಿಕೊಂಡು ಸಾವಿರದ ಆರುನೂರು ವಾಕ್ಯ ಓದಿಸಿ ರೆಕಾರ್ಡ್ ಮಾಡಿಕೊಂಡಳು. ಒಂದು ಲ್ಯಾಪ್‌ಟಾಪಿಗೆ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿ, ಆ ವಾಕ್ಯಗಳನ್ನು ಅರೆದು, ಅಪ್ಪ ಏನು ಟೈಪ್ ಮಾಡಿದರೂ ಅಪ್ಪನ ದನಿಯಲ್ಲೇ ನುಡಿಯುವ ಹಾಗೆ ಮಾಡಿದ್ದಳು. ಮೂರು ವರ್ಷದಿಂದ ಆ ಮನೆಯ ಮಾತು ನಡೆದಿದ್ದು ಹೀಗೆ. ಉಳಿದವರಿಗಾದರೆ ಅನೌನ್ಸರು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದರು. ಹೆಂಡತಿಗೆ ಸ್ಲೇಟು ಕಾಣುವುದಿಲ್ಲ. ಅವರಿಗೆ ಗಂಡ ಅಂದರೆ ಆ ಲ್ಯಾಪ್‌ಟಾಪಿನ ದನಿಯೇ.

"ಬದಲಿಗೆ ಫೋನಲ್ಲಿ ಬರೋ ರೆಡಿಮೇಡ್ ದನಿ ಹಾಕಿ ನೋಡಿದ್ವಿ ಆಂಟಿ. ಅಮ್ಮ ಬೇಡ ಅಂದ್ರು."

"ಯಾರೋ ಪರಗಂಡಸು ನನ್ನ ಪಕ್ಕ ಕೂತು ನನ್ನ ಹೆಸರು ಹಿಡಿದು ಕರೆದ ಹಾಗಾಯ್ತು," ಅಂದರು ತಾಯಿ. "ಗುರುವಾರ ಬೆಳಗ್ಗೆ ಮೇಜು ಒರೆಸಿದೆ. ಬಟ್ಟೆ ಸರಿಯಾಗಿ ಹಿಂಡಿರಲಿಲ್ಲ ಅನ್ಸುತ್ತೆ. ಲ್ಯಾಪ್‌ಟಾಪ್ ಮೇಲೂ ಎಳೆದೆ. ಅವತ್ತಿಂದ ಇವರಿಗೆ ಮಾತಿಲ್ಲ. ಕುರುಡಿ ಸುಮ್ಮನೆ ಒಂದು ಕಡೆ ಕೂರಬೇಕಿತ್ತು."

"ಇನ್ನೊಂದು ಕಡೆ ಕಾಪಿ ಇಟ್ಟಿಲ್ವಾ?" ಫಾಲ್ಟಮ್ಮ ಕೇಳಿದರು.

ಮಗಳು ತಲೆ ತಗ್ಗಿಸಿದಳು. "ನಾಳೆ ಮಾಡಿದ್ರಾಯ್ತು, ನಾಳೆ ಮಾಡಿದ್ರಾಯ್ತು ಅಂತ... ಚಿಕ್ಕಪ್ಪ ಮೋಟಾರ್ ವೈಂಡಿಂಗ್ ಮಾಡ್ತಾರಲ್ಲ, ಅವರು ಶುಕ್ರವಾರ ಬಂದು ಹಿಂದಿನ ಮುಚ್ಚಳ ಬಿಚ್ಚಿ ನೋಡಿದ್ರು. ಎಲ್ಲಾ ತುಂಬಿಟ್ಟಿರೋ ಒಳಗಿನ ಡ್ರೈವ್ ಸುಟ್ಟುಹೋಗಿದೆ, ಕಸಕ್ಕೆ ಹಾಕಿ ಅಂದ್ರು."

ಸತ್ತವರ ಫೋಟೋ ಕಳೆದುಕೊಂಡವರನ್ನು ದರ್ಜಿ ನೋಡಿದ್ದ. ಬದುಕಿರುವ ಮನುಷ್ಯನ ದನಿ ಕಳೆದುಕೊಂಡು ಬಂದವರನ್ನು ಅವತ್ತೇ ನೋಡಿದ್ದು.

ಫಾಲ್ಟಮ್ಮ ಲ್ಯಾಪ್‌ಟಾಪನ್ನು ತಿರುಗಿಸಿ ಸ್ಕ್ರೂಗಳನ್ನು ನೋಡಿದರು. ಎರಡರ ತಲೆ ಸವೆದಿತ್ತು, ಚಿಕ್ಕಪ್ಪನ ಕೈಗುಣ. ಆಮೇಲೆ ಗುಂಡಿ ಒತ್ತಿದರು. ಸದ್ದಿಲ್ಲದೆ ಪರದೆ ಕಪ್ಪಾಯಿತು, ಬಿಳಿ ಅಕ್ಷರದ ಸಾಲುಗಳು ಸರಸರನೆ ಮೇಲಕ್ಕೆ ಓಡಿದವು, ಆಮೇಲೆ ನಿಂತವು. ಅರ್ಧ ನಿಮಿಷ ಕಾದು ಯಂತ್ರ ಹೇಳಿದ್ದು ಇಷ್ಟೇ: ಲಿನಕ್ಸ್ ಇರಬೇಕಾದ ಡ್ರೈವ್ ಸಿಗುತ್ತಿಲ್ಲ.

"ನಾಲ್ಕು ದಿನದಿಂದ ಇದೇ," ಅಂದಳು ಮಗಳು.

ಫಾಲ್ಟಮ್ಮ ತಮ್ಮ ಪೆನ್ ಡ್ರೈವಿನಲ್ಲಿದ್ದ ಇನ್ನೊಂದು ಲಿನಕ್ಸನ್ನು ಎಬ್ಬಿಸಿ, ಒಳಗೆ ಎಷ್ಟು ಡ್ರೈವ್ ಕಾಣುತ್ತಿದೆ ಎಂದು ಪಟ್ಟಿ ಕೇಳಿದರು. ಪಟ್ಟಿಯಲ್ಲಿ ಬಂದದ್ದು ಅವರದೇ ಪೆನ್ ಡ್ರೈವ್ ಒಂದೇ. ಮಗಳು ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಅಮ್ಮನಿಗೆ ಕೇಳಿಸಬಾರದು ಅಂತ ಅವಳು ಅಳುವುದು, ಕೇಳಿಸಿದರೂ ಕೇಳಿಸದವರ ಹಾಗೆ ಅಮ್ಮ ಕೂರುವುದು, ಇದನ್ನೆಲ್ಲ ನೋಡುವ ಕರ್ಮ ದರ್ಜಿಗೆ.

ಫಾಲ್ಟಮ್ಮ ಮಾತ್ರ ಮತ್ತೆ ಯಂತ್ರ ಆರಿಸಿ ಹಚ್ಚಿದರು. ಲಿನಕ್ಸ್ ಏಳುವುದಕ್ಕೂ ಮುಂಚೆ, ಯಂತ್ರ ತನ್ನ ಸೆಟ್ಟಿಂಗುಗಳನ್ನು ತಾನೇ ತೋರಿಸುವ ನೀಲಿ ಪರದೆಗೆ ಹೋದರು. ಒಂದೊಂದೇ ಸಾಲನ್ನು ಓದುತ್ತ ಬಹಳ ಹೊತ್ತು ಕೂತರು.

"ದರ್ಜಿಗಳೇ, ಗಂಟೆ ಎಷ್ಟು?"

"ಹತ್ತು ಮೂವತ್ತೆಂಟು."

"ಇಲ್ಲೂ ಹತ್ತು ಮೂವತ್ತೆಂಟೇ ಇದೆ." ಆಮೇಲೆ ಮಗಳ ಕಡೆ ತಿರುಗಿ, "ಈ ಮಾಡೆಲ್ ಶುರುವಾಗುವಾಗ ಬೀಪ್ ಅನ್ನುತ್ತೆ. ನಿಂದು ಅನ್ನಲಿಲ್ವಲ್ಲ?" ಅಂದರು.

"ಅಮ್ಮ ಬೆಚ್ಚಿಬೀಳ್ತಿದ್ರು ಅಂತ ನಾನೇ ಆಫ್ ಮಾಡಿದ್ದೆ ಆಂಟಿ. ಮೂರು ವರ್ಷ ಆಯ್ತು, ಲಿನಕ್ಸ್ ಹಾಕಿದ ದಿನಾನೇ."

"ಹೂಂ," ಅಂದು ಫಾಲ್ಟಮ್ಮ ಲ್ಯಾಪ್‌ಟಾಪ್ ಮುಚ್ಚಿದರು. "ಅಕ್ಕಾ, ಸತ್ತಿದೆ ಅಂತ ನಾನಿನ್ನೂ ಹೇಳಿಲ್ಲ. ಮಧ್ಯಾಹ್ನ ಒಂದ್ಸಲ ನಿಮ್ಮನೆಗೆ ಬರ್ತೀನಿ. ಇದು ಎಲ್ಲಿತ್ತೋ ಆ ಜಾಗ ನೋಡ್ಬೇಕು."

ಅವರು ಹೋದ ಮೇಲೆ ದರ್ಜಿ ಕೇಳಿದ, "ಏನಾದ್ರೂ ಸಿಕ್ತಾ ಮೇಡಂ?"

"ಫಾಲ್ಟ್ ಸಿಕ್ತು. ಕಾರಣ ಸಿಗಲಿಲ್ಲ. ಕಾರಣ ಬರೆಯದೆ ಫಾಲ್ಟ್ ಮುಚ್ಚಿದ್ರೆ ಮೂರೇ ದಿನಕ್ಕೆ ಮತ್ತೆ ಅದೇ ಲೈನ್ ಸಾಯುತ್ತೆ. ಎಕ್ಸ್‌ಚೇಂಜಲ್ಲಿ ನನಗೆ ಮೊದಲು ಕಲಿಸಿದ ಪಾಠ ಅದು."

ಮಧ್ಯಾಹ್ನ ಇಬ್ಬರೂ ಮೂರನೇ ಮಹಡಿ ಹತ್ತಿದರು. ಮುಂದಿನ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಅನೌನ್ಸರು ಕೂತಿದ್ದರು. ಉಸಿರಾಡಲು ಕತ್ತಿನಲ್ಲಿ ಮಾಡಿದ್ದ ತೂತಿನ ಮೇಲೆ ದರ್ಜಿಯೇ ಹೊಲಿದುಕೊಟ್ಟ ಹತ್ತಿಬಟ್ಟೆ, ತೊಡೆಯ ಮೇಲೆ ಸ್ಲೇಟು, ಬೆರಳ ಸಂದಿಯಲ್ಲಿ ಬಳಪ. ಬಂದವರಿಗೆ ತಲೆಬಾಗಿದರು. ಪಕ್ಕದ ಬೀರುವಿನಲ್ಲಿ ಅವರ ನೋಟ್‌ಬುಕ್ಕುಗಳು ಸಾಲಾಗಿ ನಿಂತಿದ್ದವು, ವರ್ಷಕ್ಕೊಂದರಂತೆ, ಬೆನ್ನಿನ ಮೇಲೆ ವರ್ಷ ಬರೆದು.

"ಅಪ್ಪ ಎಲ್ಲಾನೂ ಬರೀತಾರೆ," ಅಂದಳು ಮಗಳು. "ನಿಲ್ದಾಣದಲ್ಲಿ ಬಿದ್ದ ಅಭ್ಯಾಸ. ಬರೆದು, ಎರಡು ಸಲ ಓದಿಕೊಳ್ಳದೆ ಮೈಕ್ ಮುಟ್ಟೋ ಹಾಗಿರಲಿಲ್ವಂತೆ. ಗ್ಯಾಸ್ ಸಿಲಿಂಡರ್ ಬದಲಾಯಿಸಿದ್ದನ್ನೂ ಟೈಮ್ ಹಾಕಿ ಬರೀತಾರೆ."

ದರ್ಜಿಯ ಕಣ್ಣು ಎಷ್ಟಾದರೂ ಹೊಲಿಗೆಯವನ ಕಣ್ಣು, ಸಾಲು ತಪ್ಪಿದರೆ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಬಿಗಿಯಾಗಿ ನಿಂತ ಪುಸ್ತಕಗಳ ನಡುವೆ ಒಂದು ಕಡೆ ಸಂದಿಯಿತ್ತು, ಪಕ್ಕದ್ದು ಅದಕ್ಕೆ ಓರೆಯಾಗಿ ಒರಗಿತ್ತು.

ಅಷ್ಟರಲ್ಲಿ ಅನೌನ್ಸರ ತಮ್ಮ ಬಂದ. ವೈಂಡಿಂಗ್ ಅಂಗಡಿಯಿಂದ ನೇರವಾಗಿ ಬಂದಿದ್ದ, ಕೈಯಲ್ಲಿ ವಾರ್ನಿಷ್ ವಾಸನೆ. ಬಂದವನೇ ಶುರು ಮಾಡಿದ. "ನಾನು ಆಗಲೇ ಹೇಳಿದೀನಿ ಮೇಡಂ, ಸುಟ್ಟುಹೋಗಿದೆ ಅಂತ. ಸತ್ತಿದ್ದನ್ನ ಮತ್ತೆ ಮತ್ತೆ ಕೆದಕಿ ಅತ್ತಿಗೇನ ಯಾಕೆ ಅಳಿಸ್ತೀರಿ? ನಿಜ ಹೇಳ್ಬೇಕಂದ್ರೆ ನಂಗೆ ಆ ಡಬ್ಬ ಕಂಡ್ರೆ ಆಗ್ತಿರಲಿಲ್ಲ. ಅಣ್ಣ ಇಲ್ಲಿ ಬಾಯಿ ಮುಚ್ಚಿ ಕೂತಿರ್ತಾನೆ, ಅಣ್ಣನ ದನಿ ಅಲ್ಲಿಂದ ಬರುತ್ತೆ. ಮೈ ಜುಮ್ ಅನ್ನುತ್ತೆ."

"ಚಿಕ್ಕಪ್ಪ," ಅಂದಳು ಮಗಳು, ಹಲ್ಲು ಕಚ್ಚಿ. ಅವಳ ಮನಸ್ಸಿನಲ್ಲಿ ಕಳ್ಳ ಯಾರು ಅನ್ನುವುದು ಆಗಲೇ ತೀರ್ಮಾನವಾಗಿತ್ತು ಎಂದು ದರ್ಜಿಗೆ ಅನ್ನಿಸಿತು.

ಫಾಲ್ಟಮ್ಮ ಅದಕ್ಕೆ ಕಿವಿಗೊಡದೆ ಮಗಳನ್ನು ಕೇಳಿದರು, "ಲಿನಕ್ಸ್ ಹಾಕಿದ ದಿನ ಬೀಪ್ ಆಫ್ ಮಾಡಿದೆ ಅಂದೆ. ಬೇರೆ ಏನಾದ್ರೂ ಬದಲಾಯಿಸಿದ್ಯಾ?"

"ಏನೋ ಬದಲಾಯಿಸಿದ್ದೆ ಆಂಟಿ. ಅವತ್ತೂ ಮೊದಲು ಲಿನಕ್ಸ್‌ಗೆ ಡ್ರೈವ್ ಕಾಣ್ತಿರಲಿಲ್ಲ. ಇಂಟರ್ನೆಟ್ಟಲ್ಲಿ ಹುಡುಕಿ ಹುಡುಕಿ ಸಾಕಾಗಿ, ಎಲ್ಲೋ ಒಳಗಡೆ ಯಾವುದೋ ಒಂದು ಸೆಟ್ಟಿಂಗ್ ತಿರುಗಿಸಿದ ಮೇಲೆ ಕಾಣಿಸ್ತು. ಯಾವುದು ಅಂತ ದೇವರಾಣೆಗೂ ನೆನಪಿಲ್ಲ. ಅಪ್ಪ ಪಕ್ಕದಲ್ಲೇ ಕೂತಿದ್ರು."

ಎಲ್ಲರೂ ಅನೌನ್ಸರ ಕಡೆ ನೋಡಿದರು. ಅವರು ನೆಲ ನೋಡುತ್ತಿದ್ದರು. ಬಳಪ ಬೆರಳ ಸಂದಿಯಲ್ಲೇ ಇತ್ತು, ಸ್ಲೇಟಿನ ಮೇಲೆ ಒಂದು ಗೀಟೂ ಬೀಳಲಿಲ್ಲ.

"ಅಕ್ಕಾ, ಇವರು ಕಡೇ ಸಲ ನಿಮ್ಮ ಹತ್ರ ಮಾತಾಡಿದ್ದು ಯಾವಾಗ?"

"ಬುಧವಾರ ಸಂಜೆ," ಅಂದರು ತಾಯಿ. "ಆಸ್ಪತ್ರೆಯಿಂದ ಒಬ್ಬರೇ ಬಂದ್ರು. ರಿಪೋರ್ಟ್ ಏನಂತ್ರೀ ಅಂದೆ. ಎಲ್ಲಾ ಚೆನ್ನಾಗಿದೆಯಂತೆ ಅಂದ್ರು. ಅಷ್ಟು ಒಳ್ಳೆ ಮಾತಾಡಿದ ಬಾಯಿಗೆ ಮಾರನೇ ದಿನ ನಾನು ಒದ್ದೆ ಬಟ್ಟೆ ಹಾಕಿದೆ."

ಇಳಿಯುವಾಗ ಮೆಟ್ಟಿಲ ಮೇಲೆ ಫಾಲ್ಟಮ್ಮ ಮಾತಾಡಲಿಲ್ಲ. ಮೌನ ದರ್ಜಿಗೆ ಆಗಿಬರುವುದಿಲ್ಲ. "ಅನೌನ್ಸರ ಎರಡು ಶರ್ಟು ನನ್ನ ಹತ್ರಾನೇ ಇವೆ ಮೇಡಂ, ಎರಡು ವಾರ ಆಯ್ತು. ಇವತ್ತಾದ್ರೂ ಕೊಡ್ಬೇಕು. ಪಾಪ, ಎಷ್ಟು ಇಳಿದುಹೋಗಿದಾರೆ. ಎರಡೂ ಮಗ್ಗುಲಲ್ಲಿ ಒಂದೊಂದು ಇಂಚು ಒಳಗೆ ಹಿಡಿದೆ. ಕಾಲರ್ ಮಾತ್ರ ಅರ್ಧ ಇಂಚು ಬಿಡಬೇಕಾಯ್ತು."

ಫಾಲ್ಟಮ್ಮ ಮೆಟ್ಟಿಲ ಮೇಲೆ ನಿಂತುಬಿಟ್ಟರು. "ಮೈ ಇಳಿದಿದೆ. ಕತ್ತು ದಪ್ಪ ಆಗಿದೆ?"

"ಹೂಂ. ಒಂದು ಮಗ್ಗುಲಲ್ಲಿ..." ದರ್ಜಿಯ ಮಾತು ಅಲ್ಲೇ ನಿಂತಿತು. ಟೇಪು ಸುತ್ತಿದಾಗ ಬೆರಳಿಗೆ ತಾಕಿದ್ದ ಉಬ್ಬು ಈಗ ನೆನಪಾಯಿತು. ಎರಡು ವಾರ ಅವನು ಅದನ್ನು ಬರೀ ಅಳತೆ ಅಂದುಕೊಂಡು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದ.

ಅಂಗಡಿಗೆ ಬಂದ ಮೇಲೆ ಇಬ್ಬರಿಗೂ ಸಣ್ಣ ಜಗಳವಾಯಿತು. "ನಿಮಗೆ ಎಲ್ಲಾ ಗೊತ್ತಾಗಿದೆ ಅಲ್ವಾ?" ದರ್ಜಿ ಕೇಳಿದ. "ಹಾಗಾದ್ರೆ ರಿಪೇರಿ ಮಾಡಿ ಸುಮ್ಮನೆ ವಾಪಸ್ ಕೊಟ್ಬಿಡಿ. ಯಾರು ಯಾಕೆ ಅನ್ನೋದೆಲ್ಲ ನಮಗ್ಯಾಕೆ? ಗಾಯದ ಮೇಲೆ ಬರೆ ಎಳೆಯೋದಾ?"

"ಸುಮ್ಮನೆ ಕೊಟ್ರೆ ಆ ಹೆಂಗಸು ಸಾಯೋವರೆಗೂ ಆ ಮೇಜಿನ ಹತ್ರ ಹೋಗಲ್ಲ. ತನ್ನ ಕೈನ ತಾನೇ ಶಪಿಸ್ಕೊಂಡು ಕೂತಿರ್ತಾಳೆ. ಅದು ನಿಮಗೆ ಒಪ್ಪಿಗೆನಾ?"

ಫಾಲ್ಟಮ್ಮ ಒಂದು ಚೀಟಿ ಬರೆದು ಮಡಚಿ, ಇಸ್ತ್ರಿ ಮಾಡಿದ ಶರ್ಟೊಂದರ ಜೇಬಿಗೆ ಸೇರಿಸಿದರು. "ಇದನ್ನ ಅನೌನ್ಸರ ಕೈಗೇ ಕೊಡಿ. ಬೇರೆ ಯಾರಿಗೂ ಬೇಡ. ಐದು ಗಂಟೆಗೆ ನಾವು ಮತ್ತೆ ಹೋಗೋಣ."

ಮೂರು ಗಂಟೆಗೆ ದರ್ಜಿ ಶರ್ಟು ಕೊಟ್ಟು ಬಂದ. ಅನೌನ್ಸರು ಚೀಟಿ ಓದಿದರು, ಮತ್ತೊಮ್ಮೆ ಓದಿದರು, ಮಡಚಿ ಮುಷ್ಟಿಯಲ್ಲಿಟ್ಟುಕೊಂಡರು. ಅವರ ಮುಖ ನೋಡಲಾರದೆ ದರ್ಜಿ ಎರಡೆರಡು ಮೆಟ್ಟಿಲು ಹಾರಿ ಇಳಿದ.

ಐದು ಗಂಟೆಗೆ ಮುಂದಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಗಂಡ ಹೆಂಡತಿ ಒಂದೇ ಸೋಫಾದ ಎರಡು ತುದಿಗೆ, ಮಗಳು ನೆಲದ ಮೇಲೆ, ಚಿಕ್ಕಪ್ಪ ಬಾಗಿಲ ಚೌಕಟ್ಟಿಗೆ ಒರಗಿ. ಫಾಲ್ಟಮ್ಮ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಒಮ್ಮೆ ಅನೌನ್ಸರನ್ನು ನೋಡಿದರು. ಅವರು ಕಣ್ಣು ಮುಚ್ಚಿಕೊಂಡರು. ಫಾಲ್ಟಮ್ಮ ನಿಟ್ಟುಸಿರು ಬಿಟ್ಟು ಶುರು ಮಾಡಿದರು.

"ಮೊದಲನೇ ಮಾತು. ಡ್ರೈವ್ ಸತ್ತಿಲ್ಲ, ಸುಟ್ಟಿಲ್ಲ, ನೆನೆದೂ ಇಲ್ಲ. ಶುರುವಾದಾಗ ಪರದೆ ಮೇಲೆ ಬಿಳಿ ಅಕ್ಷರ ಓಡ್ತವಲ್ಲ, ಅವು ಎಲ್ಲಿಂದ ಬರ್ತವೆ? ಅದೇ ಡ್ರೈವಿಂದ. ಯಂತ್ರ ಲಿನಕ್ಸನ್ನ ಆ ಡ್ರೈವಿಂದಲೇ ಎಬ್ಬಿಸುತ್ತೆ, ಎದ್ದ ಲಿನಕ್ಸ್ ನನ್ನ ಡ್ರೈವ್ ಕಾಣ್ತಿಲ್ಲ ಅಂತ ಗೋಳಾಡ್ತಿದೆ. ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ, ಹಾಗೆ. ಒಳಗಿನ ಸೆಟ್ಟಿಂಗ್ ಪರದೇಲೂ ಡ್ರೈವಿನ ಹೆಸರು, ನಂಬರು ಎಲ್ಲಾ ಸರಿಯಾಗಿದೆ. ಯಂತ್ರಕ್ಕೆ ಕಾಣುತ್ತೆ, ಲಿನಕ್ಸ್‌ಗೆ ಕಾಣಲ್ಲ."

"ಹಾಗಂದ್ರೆ ದನಿ ಇದೆಯಾ?" ತಾಯಿ ಕೇಳಿದರು.

"ಇದೆ ಅಕ್ಕಾ. ಇಡಿಯಾಗಿದೆ. ನಿಮ್ಮ ಒದ್ದೆ ಬಟ್ಟೆ ಅದರ ಕೂದಲೂ ಕೊಂಕಿಸಿಲ್ಲ."

ಆ ತಾಯಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಇದೊಂದನ್ನು ಹೇಳಿ ಎದ್ದುಬಿಡಬಾರದೇ ಎಂದು ದರ್ಜಿ ಮನಸ್ಸಿನಲ್ಲೇ ಬೇಡಿಕೊಂಡ. ಫಾಲ್ಟಮ್ಮ ಏಳಲಿಲ್ಲ.

"ಎರಡನೇ ಮಾತು. ಆ ಪರದೇಲಿ ಡ್ರೈವನ್ನ ಹೇಗೆ ನೋಡ್ಬೇಕು ಅಂತ ಹೇಳೋ ಒಂದು ಸಾಲಿದೆ. ಅದಕ್ಕೆ ಎರಡು ವಿಧಾನ. ಒಂದರಲ್ಲಿ ಡ್ರೈವ್ ನೇರವಾಗಿ ಲಿನಕ್ಸ್‌ಗೆ ಕಾಣುತ್ತೆ. ಇನ್ನೊಂದರಲ್ಲಿ, ಅಂಗಡಿಯಿಂದ ಬರುವಾಗ ಇರುತ್ತಲ್ಲ, ಅದರಲ್ಲಿ ಡ್ರೈವ್ ಮರೆಗೆ ಹೋಗಿಬಿಡುತ್ತೆ, ಲಿನಕ್ಸ್‌ಗೆ ಸಿಗಲ್ಲ. ಮೂರು ವರ್ಷದ ಹಿಂದೆ ಈ ಹುಡುಗಿ ತಿರುಗಿಸಿದ್ದು ಅದನ್ನೇ. ಈಗ ಅದು ಮತ್ತೆ ಹಳೇದಕ್ಕೆ ಹೋಗಿದೆ."

"ತಾನಾಗೇ ಹೋಗಿರಬಹುದಲ್ಲ," ಅಂದ ಚಿಕ್ಕಪ್ಪ. "ಒಳಗೊಂದು ಸಣ್ಣ ಬ್ಯಾಟರಿ ಇರುತ್ತೆ. ಅದು ಸತ್ರೆ ಎಲ್ಲಾ ಸೆಟ್ಟಿಂಗೂ ಹಳೇದಾಗುತ್ತೆ."

"ಒಳ್ಳೇ ಪ್ರಶ್ನೆ. ಹಾಗಾಗಿದ್ರೆ ಗಡಿಯಾರವೂ ಹಳೇದಾಗ್ಬೇಕಿತ್ತು, ನಿಮಿಷವೂ ತಪ್ಪಿಲ್ಲ. ಬೀಪ್ ಮತ್ತೆ ಶುರುವಾಗ್ಬೇಕಿತ್ತು, ಆಗಿಲ್ಲ. ಇಡೀ ಯಂತ್ರದಲ್ಲಿ ಬದಲಾಗಿರೋದು ಒಂದೇ ಒಂದು ಸಾಲು. ಒಂದು ಸಾಲು ಮಾತ್ರ ಬದಲಾದ್ರೆ ಅದು ಬ್ಯಾಟರಿ ಕೆಲಸ ಅಲ್ಲ, ಕೈ ಕೆಲಸ."

"ನಾನು ಮುಚ್ಚಳ ಬಿಚ್ಚಿದ್ದು ನಿಜ, ಆದ್ರೆ ಒಳಗೆ ಏನೂ..." ಚಿಕ್ಕಪ್ಪ ಗಡಬಡಿಸಿದ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಡಿ. ನೀವು ಬಿಚ್ಚಿದ್ದು ಶುಕ್ರವಾರ, ದನಿ ಹೋಗಿದ್ದು ಗುರುವಾರ. ಇದು ಸ್ಕ್ರೂಡ್ರೈವರ್‌ಗೆ ಸಿಗೋ ಕೆಲಸಾನೂ ಅಲ್ಲ. ನಿಮ್ಮ ತಪ್ಪು ಇಷ್ಟೇ, ಗೊತ್ತಿಲ್ಲ ಅನ್ನೋ ಬದಲು ಸುಟ್ಟುಹೋಗಿದೆ ಅಂದ್ರಿ. ನಾಲ್ಕು ದಿನ ಅತ್ತಿಗೆ ಅದನ್ನೇ ನುಂಗಿಕೊಂಡು ಕೂತಿದ್ರು." ಚಿಕ್ಕಪ್ಪ ತಲೆ ತಗ್ಗಿಸಿದ. ಫಾಲ್ಟಮ್ಮ ಮುಂದುವರಿಸಿದರು. "ಅಕ್ಕನಿಗೆ ಆ ಪರದೆ ಕಾಣಲ್ಲ. ಈ ಹುಡುಗಿ ಬೇಕಂತ ಮಾಡಿದ್ರೆ ನನ್ನ ಹತ್ರ ಹೊತ್ತುಕೊಂಡು ಬರ್ತಿರಲಿಲ್ಲ, ಮೇಲಾಗಿ ಅವಳಿಗೆ ದಾರಿಯೇ ಮರೆತುಹೋಗಿದೆ. ಆದ್ರೆ ಆ ದಾರಿ ಈ ಮನೇಲಿ ಒಂದು ಕಡೆ ಬರೆದಿದೆ. ಸಿಲಿಂಡರ್ ಬದಲಾಯಿಸಿದ್ದನ್ನೂ ಬರೆಯೋರು, ಮಗಳು ಅರ್ಧ ದಿನ ಒದ್ದಾಡಿ ಕಂಡುಹಿಡಿದದ್ದನ್ನ ಬರೆದಿರಲ್ವಾ? ನಾನು ಮಧ್ಯಾಹ್ನ ಆ ಪ್ರಶ್ನೆ ಕೇಳಿದಾಗ ಅವರು ಬಳಪ ಎತ್ತಲಿಲ್ಲ. ಬಾಯಿ ಇಲ್ಲದವರು ಸುಮ್ಮನಿರೋದು ಸಹಜ. ಕೈ ಯಾಕೆ ಸುಮ್ಮನಿತ್ತು? ಬೀರುವಿನಲ್ಲಿ ಆ ವರ್ಷದ ಪುಸ್ತಕ ಯಾಕಿಲ್ಲ?"

ಅನೌನ್ಸರು ನಿಧಾನವಾಗಿ ಸೋಫಾದ ದಿಂಬಿನ ಕೆಳಗೆ ಕೈ ಹಾಕಿ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಗುರುತು ಇಟ್ಟಿದ್ದ ಪುಟವನ್ನು ಮಗಳು ಬಿಡಿಸಿದಳು. ದಿನಾಂಕ, ಗಂಟೆ, ಯಾವ ಗುಂಡಿ, ಯಾವ ಸಾಲು, ಯಾವುದರಿಂದ ಯಾವುದಕ್ಕೆ ಎನ್ನುವುದೆಲ್ಲ ದುಂಡಗಿನ ಅಕ್ಷರದಲ್ಲಿತ್ತು.

"ಅಪ್ಪಾ," ಅಂದಳು.

"ಏನು? ಯಾರು ಏನು ತೆಗೆದ್ರು?" ತಾಯಿ ಗಾಳಿಯಲ್ಲಿ ಕೈ ಆಡಿಸಿದರು. "ನನಗ್ಯಾರಾದ್ರೂ ಹೇಳ್ತೀರಾ?"

"ನಿಮ್ಮ ಯಜಮಾನರೇ ಅಕ್ಕಾ," ಅಂದರು ಫಾಲ್ಟಮ್ಮ. "ಅಳಿಸಬೇಕು ಅಂದಿದ್ರೆ ಒಂದು ನಿಮಿಷದ ಕೆಲಸ, ಅಳಿಸಲಿಲ್ಲ. ರೈಲು ರದ್ದು ಮಾಡೋದು ಬೇರೆ, ತಡೆಹಿಡಿಯೋದು ಬೇರೆ, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ತಡೆಹಿಡಿದ್ರು. ಯಾಕೆ ಅನ್ನೋದೂ ನನಗೆ ಗೊತ್ತು ಅನ್ಸುತ್ತೆ. ಈ ದರ್ಜಿಯ ಟೇಪು ಹೇಳ್ತು. ಆದ್ರೆ ಅದನ್ನ ಹೇಳೋಕೆ ನಾನು ಯಾರು? ಅವರೇ ಹೇಳಲಿ ಅಂತ ಚೀಟಿ ಕಳಿಸಿದೆ, ಎರಡು ಗಂಟೆ ಕಾದೆ."

ತಾಯಿ ಗಂಡ ಕೂತಿದ್ದ ಕಡೆಗೆ ಮುಖ ತಿರುಗಿಸಿದರು. "ನಾಲ್ಕು ದಿನ ನಾನು ಅಳ್ತಿದ್ದೆ. ನನ್ನ ಕೈಗೆ ಹುಳ ಬೀಳಲಿ ಅಂದ್ಕೊಂಡೆ. ಪಕ್ಕದಲ್ಲೇ ಕೂತು ನೋಡ್ತಿದ್ರಾ?"

ಇದಕ್ಕಿಂತ ಎರಡೇಟು ಹೊಡೆದಿದ್ದರೆ ವಾಸಿಯಿತ್ತು. ಅನೌನ್ಸರ ಹೆಗಲು ಕುಸಿಯಿತು. ಅವರಿಗೆ ಅಳು ಬಂದರೂ ಸದ್ದಿರಲಿಲ್ಲ, ಹಾಗಾಗಿ ಕೋಣೆಯಲ್ಲಿ ಅದು ತಿಳಿಯದೆ ಇದ್ದದ್ದು ಹೆಂಡತಿಯೊಬ್ಬರಿಗೇ.

ಫಾಲ್ಟಮ್ಮ ಲ್ಯಾಪ್‌ಟಾಪ್ ಹಚ್ಚಿ, ನೀಲಿ ಪರದೆಗೆ ಹೋಗಿ, ಆ ಒಂದು ಸಾಲನ್ನು ತಿರುಗಿಸಿ ಉಳಿಸಿದರು. ಬಿಳಿ ಅಕ್ಷರಗಳು ಓಡಿದವು. ಈ ಸಲ ನಿಲ್ಲಲಿಲ್ಲ. ಅವರು ಯಂತ್ರವನ್ನು ಅನೌನ್ಸರ ತೊಡೆಯ ಮೇಲಿಟ್ಟರು.

ಅನೌನ್ಸರು ಟೈಪ್ ಮಾಡಿದರು. ಬರೆದು, ಎರಡು ಸಲ ಓದಿಕೊಂಡು, ಆಮೇಲೆ ಒತ್ತಿದರು. ಕೋಣೆ ತುಂಬ ಆ ದನಿ ತುಂಬಿತು: ತುಂಬು ಕಂಠ, ಸ್ಪಷ್ಟ ಉಚ್ಚಾರ, ಪ್ರಯಾಣಿಕರನ್ನು ಸ್ವಾಗತಿಸುವ ಉತ್ಸಾಹ.

"ಬುಧವಾರ ರಿಪೋರ್ಟ್ ಬಂತು. ಗೆಡ್ಡೆ ಮತ್ತೆ ಬಂದಿದೆ. ಇನ್ನು ಆಪರೇಷನ್ ಆಗಲ್ಲ ಅಂದರು. ನೀನು ಕೇಳಿದೆ, ಚೆನ್ನಾಗಿದೆ ಅಂತ ಒತ್ತಿದೆ. ಈ ದನಿ ಚೂರೂ ನಡುಗಲಿಲ್ಲ. ನನ್ನ ಗಂಟಲಾಗಿದ್ದರೆ ನೀನು ಅರ್ಧ ಮಾತಿಗೇ ಹಿಡಿದುಬಿಡ್ತಿದ್ದೆ. ಮೂವತ್ತು ವರ್ಷ ನಿನಗೆ ಒಂದು ಸುಳ್ಳು ಹೇಳಕ್ಕೆ ನನ್ನಿಂದ ಆಗಲಿಲ್ಲ. ಈಗ ದಿನಾ ಹೇಳಬಹುದು, ನಿನಗೆ ಗೊತ್ತೇ ಆಗಲ್ಲ. ನೀನು ನಂಬಿ ನಕ್ಕೆ. ಅದನ್ನ ನೋಡಕ್ಕೆ ಆಗಲಿಲ್ಲ, ಅದಕ್ಕೇ ಈ ದನೀನ ತಡೆದೆ. ಅಳಿಸಕ್ಕೂ ಕೈ ಬರಲಿಲ್ಲ, ನಾನು ಹೋದ ಮೇಲೆ ನಿನಗೆ ಬೇಕಾಗುತ್ತೆ."

ಅದೇ ಉತ್ಸಾಹದಲ್ಲಿ ಅದು ಮುಂದುವರಿಯಿತು. "ನೀನು ಒದ್ದೆ ಬಟ್ಟೆ ಅಂದುಕೊಂಡೆ. ಅಲ್ಲ ಅಂತ ಸ್ಲೇಟಲ್ಲಿ ಬರೆದು ಮಗಳ ಕೈಲಿ ಓದಿಸಬಹುದಿತ್ತು. ಹಾಗೆ ಮಾಡಿದ್ರೆ ಎಲ್ಲಾ ಹೇಳಬೇಕಾಗ್ತಿತ್ತು. ಹೇಡಿ ಆದೆ."

ಮಗಳು ಅಪ್ಪನ ಮೊಣಕಾಲಿಗೆ ಹಣೆ ಒತ್ತಿಕೊಂಡು ಬಿಕ್ಕುತ್ತಿದ್ದಳು. ಚಿಕ್ಕಪ್ಪ ಬಾಗಿಲಿಗೆ ಮುಖ ಮಾಡಿ ನಿಂತಿದ್ದ. ಅಷ್ಟು ಕೆಟ್ಟ ಸುದ್ದಿಯನ್ನು ಅಷ್ಟು ಸಂತೋಷದ ದನಿಯಲ್ಲಿ ದರ್ಜಿ ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಫಾಲ್ಟಮ್ಮನ ಕಣ್ಣೂ ಕೆಂಪಾಗಿತ್ತು. ಕಾರಣ ಬೇಕು ಬೇಕು ಅಂದವರಿಗೆ ಸಿಕ್ಕಿತಲ್ಲ, ಇನ್ನೇನು ಮಾಡುತ್ತಾರೆ, ಎಂದು ಒಂದು ಕ್ಷಣ ದರ್ಜಿಗೆ ಅವರ ಮೇಲೆ ಸಿಟ್ಟು ಬಂತು. ಮರುಕ್ಷಣವೇ ಟೇಪು ಹಿಡಿದೂ ಬಾಯಿ ಬಿಡದಿದ್ದ ತನ್ನ ಮೇಲೇ ತಿರುಗಿತು.

ತಾಯಿ ಸೋಫಾದ ಮೇಲೆ ಕೈಯೂರಿ, ಒಂದೊಂದೇ ಗೇಣು ಸರಿಯುತ್ತ ಗಂಡನ ಪಕ್ಕಕ್ಕೆ ಬಂದರು. ಬೆರಳುಗಳಿಂದ ತೋಳು ಹುಡುಕಿದರು, ಹೆಗಲು ಹುಡುಕಿದರು, ಬಿಚ್ಚಿದ ಕಾಲರಿನೊಳಗೆ ಕೈಯಿಟ್ಟರು. ಕೈ ಒಂದು ಕಡೆ ನಿಂತಿತು. ಅಲ್ಲೇ ಇತ್ತು.

"ಎಷ್ಟು ದಿನ ಅಂದ್ರು?"

"ನಾಲ್ಕೈದು ತಿಂಗಳು," ಅಂದಿತು ಆ ಹುರುಪಿನ ದನಿ.

ತಾಯಿಯ ಕೈ ಕದಲಲಿಲ್ಲ. "ಸರಿ. ಇನ್ಮೇಲೆ ನೀವು ಮಾತಾಡುವಾಗೆಲ್ಲ ನನ್ನ ಕೈ ಇಲ್ಲೇ ಇರುತ್ತೆ. ನಿಮ್ಮ ಕತ್ತಿನ ನಾಡಿಗೆ ಸುಳ್ಳು ಹೇಳಕ್ಕೆ ಬರುತ್ತಾ ನೋಡೋಣ. ಈಗ ಹೇಳಿ, ಏನನ್ನಿಸ್ತಿದೆ?"

ಅನೌನ್ಸರು ಎರಡೇ ಪದ ಟೈಪ್ ಮಾಡಿದರು. ಪರದೆಯ ಮೇಲೆ ಅವು ದರ್ಜಿಗೆ ಕಾಣುತ್ತಿದ್ದವು: ಭಯ ಆಗ್ತಿದೆ. ಅನೌನ್ಸರ ಬೆರಳು ಗುಂಡಿಯ ಮೇಲೆ ಬಂದು ನಿಂತಿತ್ತು, ಇನ್ನೂ ಒತ್ತಿರಲಿಲ್ಲ.

"ಗೊತ್ತಾಯ್ತು," ಅಂದರು ಹೆಂಡತಿ. "ಒತ್ತೋದು ಬೇಡ."